ಚಳಿಗಾಲದ ಚಾಮುಂಡಿ ಬೆಟ್ಟ: ಬಳಕೆದಾರರ ಕೈಪಿಡಿ

ಮಾರ್ಗಶಿರದ ಚಳಿ ಬಿದ್ದ ಕೂಡಲೇ ದೇಹಾರೋಗ್ಯದ ಬಗ್ಗೆ ಜ್ಞಾನೋದಯವಾಗುವ ಮೈಸೂರಿಗರಿಗಾಗಿ ಈ ಕೈಪಿಡಿ. ಬೆಟ್ಟವನ್ನು ಬಳಸುವ ಮುನ್ನ ಪೂರ್ತಿ ಓದಿ, ಮುಂದಿನ ಅಗತ್ಯಕ್ಕೆ ಜೋಪಾನವಾಗಿ ಎತ್ತಿಡಿ. ಹೇಗಿದ್ದರೂ ಮುಂದಿನ ಡಿಸೆಂಬರಿನಲ್ಲಿ ಮತ್ತೆ ಮೊದಲ ಮೆಟ್ಟಿಲಿನಿಂದಲೇ ಶುರು ಮಾಡುವವರು ನೀವು.

ಉತ್ಪನ್ನದ ಪರಿಚಯ

ಬೆಟ್ಟ ಒಂದು. ಮೆಟ್ಟಿಲು ಸುಮಾರು ಒಂದು ಸಾವಿರ. ಈ ‘ಸುಮಾರು’ ಯಾಕೆಂದರೆ ಎಣಿಸಿದವರು ಸಾವಿರ, ಸಾವಿರದ ಒಂದು, ಸಾವಿರದ ಎಂಟು ಎಂದು ತಮಗೆ ತೋಚಿದ ಲೆಕ್ಕ ಹೇಳುತ್ತಾರೆ. ನಡುನಡುವೆ ಸಿಗುವ ಅಗಲದ ಹಾಸುಗಲ್ಲನ್ನು ಮೆಟ್ಟಿಲೆಂದು ಎಣಿಸಬೇಕೇ ಬೇಡವೇ ಎಂಬ ವ್ಯಾಜ್ಯವನ್ನು ನಿವೃತ್ತರು ದಿನಾ ಬೆಳಿಗ್ಗೆ ಕೈಗೆತ್ತಿಕೊಂಡು, ತೀರ್ಪು ಕೊಡದೆ ಮರುದಿನಕ್ಕೆ ಮುಂದೂಡುತ್ತಾರೆ. ಮೆಟ್ಟಿಲುಗಳ ತಯಾರಕರು 17ನೇ ಶತಮಾನದ ದೊಡ್ಡ ದೇವರಾಜ ಒಡೆಯರು. ಮಾರಾಟೋತ್ತರ ಸೇವೆಗೆ ಅವರನ್ನು ಸಂಪರ್ಕಿಸಲು ಬರುವುದಿಲ್ಲ.

ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ತುಸು ಹೆಚ್ಚು ಎತ್ತರದಲ್ಲಿದೆ ಎಂದು ಓದಿ ಹೆದರಬೇಡಿ. ಮೈಸೂರು ಊರೇ 770 ಮೀಟರ್ ಆಸುಪಾಸಿನಲ್ಲಿದೆ. ಮುಕ್ಕಾಲು ಪಾಲು ಬೆಟ್ಟವನ್ನು ನೀವು ಹಾಸಿಗೆಯಲ್ಲಿ ಮಲಗಿದ್ದಾಗಲೇ ಹತ್ತಿ ಮುಗಿಸಿದ್ದೀರಿ. ಉಳಿದದ್ದು ಬರೀ 250 ಮೀಟರ್ ಚಿಲ್ಲರೆ.

ಎಚ್ಚರಿಕೆ

ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಹೊತ್ತಿಗೆ. ಬೆಳಕು ಹರಿಯುವ ಮುಂಚೆ ಹತ್ತುವುದು ವೀರತನವಲ್ಲ. ಮೆಟ್ಟಿಲ ಅಕ್ಕಪಕ್ಕದ್ದು ಮೀಸಲು ಅರಣ್ಯ, ಅದರಲ್ಲಿ ಚಿರತೆಗಳಿವೆ. ಅವಕ್ಕೆ ಈಗಾಗಲೇ ಒಳ್ಳೆ ಫಿಟ್‌ನೆಸ್ ಇದೆ, ನಿಮ್ಮ ಜೊತೆ ಪಂದ್ಯ ಕಟ್ಟಿ ಸಾಬೀತು ಮಾಡಬೇಕಿಲ್ಲ.

ಎರಡನೆಯ ಎಚ್ಚರಿಕೆ ತಮಾಷೆಯ ಮಾತಲ್ಲ. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಬೆಳಗಿನ ಹೊತ್ತು ರಕ್ತದೊತ್ತಡವೂ ಏರುತ್ತದೆ. ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವವರು, ವರ್ಷಗಟ್ಟಲೆ ಕುರ್ಚಿ ಬಿಟ್ಟು ಏಳದವರು ಒಮ್ಮೆ ಡಾಕ್ಟರನ್ನು ಕೇಳಿಯೇ ಬನ್ನಿ. ಹತ್ತುವಾಗ ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವು ಇಳಿದರೆ, ತಲೆ ಸುತ್ತಿದರೆ ಅಲ್ಲೇ ಕೂತು ಪಕ್ಕದವರನ್ನು ಕೂಗಿ. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ನೀವೇ ಚೀಟಿ ಬರೆದುಕೊಳ್ಳಬೇಡಿ.

ಪೆಟ್ಟಿಗೆಯೊಳಗೆ ಏನೇನಿದೆ

ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್, ಹೊಸ ಶೂ, ಹೆಜ್ಜೆ ಎಣಿಸುವ ಗಡಿಯಾರ, ನೀರಿನ ಬಾಟಲಿ, ಬೆನ್ನಿಗೊಂದು ಬ್ಯಾಗು. ಬೆಟ್ಟದ ಪಾದದ ಹತ್ತಿರ ಬೆಳಿಗ್ಗೆ ನಿಂತು ನೋಡಿದರೆ ಕೆಲವರು ಹಿಮಾಲಯಕ್ಕೆ ಹೊರಟವರ ಹಾಗೆ ಬಂದಿಳಿಯುತ್ತಾರೆ. ಮೈಸೂರಿನ ಚಳಿ 12 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಆದರೆ ಮೈಸೂರಿಗರು ಅದನ್ನು ಅನುಭವಿಸುವ ರೀತಿ ಬೇರೆ.

ಸ್ವೆಟರಿನ ಪ್ರಯಾಣ ಹೀಗಿರುತ್ತದೆ. ಮೊದಲ ಮೆಟ್ಟಿಲಲ್ಲಿ ಅದು ಮೈಮೇಲೆ, ನೂರನೆಯದರಲ್ಲಿ ಸೊಂಟಕ್ಕೆ, ಮುನ್ನೂರರಲ್ಲಿ ಹೆಗಲಿಗೆ, ಮೇಲಿನ ನಂದಿ ವಿಗ್ರಹದ ಹತ್ತಿರ ಹೆಂಡತಿಯ ಕೈಗೆ. ಕಾರಣ ಸರಳ. ಸ್ನಾಯು ತಿಂದ ಶಕ್ತಿಯಲ್ಲಿ ನಿಮ್ಮನ್ನು ಮೇಲೆತ್ತಲು ಬಳಕೆಯಾಗುವುದು ಕಾಲು ಭಾಗಕ್ಕಿಂತ ಹೆಚ್ಚಲ್ಲ, ಮಿಕ್ಕದ್ದೆಲ್ಲ ಬಿಸಿಯಾಗಿ ಹೊರಬೀಳುತ್ತದೆ. ಆದ್ದರಿಂದ ದಪ್ಪದ್ದೊಂದರ ಬದಲು ತೆಳ್ಳಗಿನವು ಎರಡು ಹಾಕಿಕೊಳ್ಳಿ. ಜೊತೆಗೆ ಒಣ ಬನಿಯನ್ ಒಂದನ್ನು ಬ್ಯಾಗಿನಲ್ಲಿಡಿ. ಬೆವರಿಗೆ ತೊಯ್ದ ಹತ್ತಿ ಬನಿಯನ್ ಬೇಗ ಒಣಗುವುದಿಲ್ಲ. ಮೇಲೆ ಹೋಗಿ ಗಾಳಿಗೆ ನಿಂತಾಗಲೇ ನಿಜವಾದ ಚಳಿ ಹಿಡಿಯುವುದು. ಮನೆಯಲ್ಲಿ ‘ಬೆಟ್ಟ ಹತ್ತಿ ನೆಗಡಿ ಬಂತು’ ಅನ್ನುತ್ತಾರಲ್ಲ, ಬೆಟ್ಟದ ತಪ್ಪೇನೂ ಇಲ್ಲ. ನೆಗಡಿ ತರುವುದು ವೈರಸ್, ನಡುಗಿಸುವುದು ಒದ್ದೆ ಬನಿಯನ್.

ನೀರು ಕುಡಿಯಿರಿ. ಚಳಿಯಲ್ಲಿ ಬಾಯಾರಿಕೆ ತೋರದಿದ್ದರೂ ಬೆವರು ಇಳಿಯುತ್ತಲೇ ಇರುತ್ತದೆ. ಬಾಟಲಿಯನ್ನು ಬ್ಯಾಗಿನ ಒಳಗಿಡಿ, ಬಾಳೆಹಣ್ಣನ್ನು ಮನೆಯಲ್ಲೇ ಬಿಡಿ. ಕೈಯಲ್ಲಿ ಏನು ಹಿಡಿದರೂ ಕೋತಿಗಳು ಅದನ್ನು ತಮ್ಮ ಪಾಲಿನ ತೆರಿಗೆ ಎಂದೇ ತಿಳಿಯುತ್ತವೆ. ಕೊಟ್ಟು ಅಭ್ಯಾಸ ಮಾಡಿಸಿದವರು ನಾವೇ.

ಚಾಲೂ ಮಾಡುವ ವಿಧಾನ

ಈ ಯಂತ್ರದ ಸ್ವಿಚ್ಚು ಬೆಟ್ಟದಲ್ಲಿಲ್ಲ, ರಗ್ಗಿನ ಕೆಳಗಿದೆ. ಅಲಾರಾಂ ಕೂಗಿದಾಗ ಅದನ್ನು ಹುಡುಕಬೇಕು. ‘ಐದೇ ನಿಮಿಷ’ ಅನ್ನುವ ಗುಂಡಿಯನ್ನು ಒತ್ತಿದವರು ಬೆಟ್ಟವನ್ನು ಆ ದಿನ ಟೆರೇಸಿನಿಂದ ನೋಡಬಹುದು.

ಪಾದಕ್ಕೆ ಬಂದ ಮೇಲೆ ಅವಸರ ಬೇಡ. ಹೊಸಬರು ಮೊದಲ ಐವತ್ತು ಮೆಟ್ಟಿಲನ್ನು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಹತ್ತುತ್ತಾರೆ, ಆಮೇಲೆ ಬಂಡೆಗೊರಗಿ ಫೋನ್ ಬಂದವರಂತೆ ನಟಿಸುತ್ತಾರೆ. ಉಸಿರಾಟವೂ ಹೃದಯವೂ ಕಾಲಿನ ಬೇಡಿಕೆಗೆ ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಅದಕ್ಕೆ ಮೊದಲ ನೂರು ಮೆಟ್ಟಿಲು ಎಲ್ಲರಿಗೂ ಕಷ್ಟವೇ. ‘ನನ್ನ ಕೈಲಾಗಲ್ಲ’ ಎಂಬ ತೀರ್ಮಾನವನ್ನು ಇನ್ನೂರನೇ ಮೆಟ್ಟಿಲಿನವರೆಗೆ ಕಾಯ್ದಿರಿಸಿ. ಅಷ್ಟರಲ್ಲಿ ಅದು ತಾನಾಗಿ ಬಿದ್ದುಹೋಗುವುದುಂಟು.

ವೇಗ ಅಳೆಯಲು ಗಡಿಯಾರ ಬೇಡ, ಬಾಯಿ ಸಾಕು. ಹತ್ತುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೈದ್ಯರು ಮಧ್ಯಮ ಶ್ರಮಕ್ಕೆ ಇಟ್ಟುಕೊಂಡಿರುವ ಅಳತೆಯೂ ಇದೇ. ಒಂದೊಂದೇ ಪದಕ್ಕೆ ಉಸಿರು ಎಳೆಯಬೇಕಾಗಿ ಬಂದರೆ ನಿಧಾನಿಸಿ. ಭಾವಗೀತೆ ಸಲೀಸಾಗಿ ಹೊರಬಂದರೆ ಸ್ವಲ್ಪ ಚುರುಕಾಗಿ. ರಾಜಕೀಯ ಮಾತಾಡುವವರ ಹಿಂದೆ ಮಾತ್ರ ಹತ್ತಬೇಡಿ. ಎದುರು ವಾದ ಹೂಡಲು ನಿಮಗೆ ಉಸಿರಿರುವುದಿಲ್ಲ, ಅವರು ಗೆದ್ದೆವೆಂದುಕೊಳ್ಳುತ್ತಾರೆ.

ದಾರಿಯಲ್ಲಿ ಇಳಿದು ಬರುವವರನ್ನು ‘ಇನ್ನೆಷ್ಟಿದೆ?’ ಎಂದು ಕೇಳುವುದು ಪದ್ಧತಿ. ‘ಇಲ್ಲೇ ಸಾರ್, ಬಂದೇ ಬಿಡ್ತು’ ಎಂಬುದು ಉತ್ತರ. ಮುನ್ನೂರನೇ ಮೆಟ್ಟಿಲಲ್ಲಿ ಕೇಳಿದರೂ ಇದೇ, ಒಂಬೈನೂರರಲ್ಲಿ ಕೇಳಿದರೂ ಇದೇ. ನೀವು ಇಳಿಯುವಾಗಲೂ ಇದನ್ನೇ ಹೇಳತಕ್ಕದ್ದು. ನಿಜ ಹೇಳಿ ಯಾರ ಮನಸ್ಸನ್ನೂ ಕೆಡಿಸಬಾರದು.

ಮಾದರಿ ಬಳಕೆದಾರರು

ಕೈಪಿಡಿಯ ಈ ಭಾಗ ಓದಲು ಒಂದು ಕಡೆ ಓರೆಯಾಗಿ ನಿಂತುಕೊಳ್ಳಿ, ದಾರಿ ಬಿಡಿ. ಚಾಮುಂಡಿ ತಾಯಿಗೆ ಹರಕೆ ಹೊತ್ತ ಹೆಣ್ಣುಮಕ್ಕಳು ಬರುತ್ತಿದ್ದಾರೆ.

ಎಡಗೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು. ಒಂದು ಮೆಟ್ಟಿಲ ಮುಂದೆ ಬಗ್ಗಿ, ಬಲಗೈ ಬೆರಳನ್ನು ಅದ್ದಿ, ಕಲ್ಲಿನ ಅಂಚಿಗೆ ಒಂದು ಬೊಟ್ಟು ಅರಿಶಿನ, ಪಕ್ಕದಲ್ಲಿ ಒಂದು ಬೊಟ್ಟು ಕುಂಕುಮ. ಏಳುವುದು, ಹತ್ತುವುದು, ಮತ್ತೆ ಬಗ್ಗುವುದು. ಕೆಲವರು ಹೂವಿನ ಎಸಳನ್ನೂ ಇಡುತ್ತಾರೆ, ಕೆಲವರು ಕರ್ಪೂರ ಹಚ್ಚುತ್ತಾರೆ. ಬೆಳಗಿನ ಇಬ್ಬನಿಗೆ ತೇವವಾದ ಕಲ್ಲಿನ ಮೇಲೆ ಕುಂಕುಮ ತುಸು ಹರಡಿ ಅಂಚು ಕೆಂಪಾಗುತ್ತದೆ. ನಿನ್ನೆಯ ಬೊಟ್ಟಿನ ಮೇಲೆ ಇವತ್ತಿನದು, ಅದರ ಮೇಲೆ ನಾಳೆಯದು. ಕಾಲಿಗೆ ಚಪ್ಪಲಿ ಇಲ್ಲ. ಜನವರಿಯ ಆ ಕಲ್ಲು ಅಂಗಾಲಿಗೆ ಎಷ್ಟು ತಣ್ಣಗಿರುತ್ತದೆ ಎಂಬುದನ್ನು ಶೂ ಬಿಚ್ಚಿ ಒಮ್ಮೆ ನೀವೇ ನೋಡಿ.

ಲೆಕ್ಕ ಹಾಕಿ: ಸಾವಿರ ಮೆಟ್ಟಿಲಿಗೆ ಸಾವಿರ ಸಲ ಸೊಂಟ ಬಗ್ಗಿ ಏಳಬೇಕು. ಯಾವ ಜಿಮ್ಮಿನ ತರಬೇತುದಾರನೂ ಒಂದು ಬೆಳಿಗ್ಗೆಗೆ ಇಷ್ಟನ್ನು ಹೇಳುವುದಿಲ್ಲ. ಹೇಳಿದರೆ ಫೀಜು ವಾಪಸ್ ಕೇಳುತ್ತೀರಿ. ಇವರ ಕೈಯಲ್ಲಿ ಗಡಿಯಾರವಿಲ್ಲ, ನಾಡಿ ಬಡಿತದ ವರದಿಯಿಲ್ಲ. ‘ಸುಸ್ತಾಗಲ್ವೇನಮ್ಮಾ?’ ಎಂದರೆ ‘ತಾಯಿ ಹತ್ತಿಸ್ಕೋತಾಳೆ ಬಿಡಣ್ಣ’ ಎಂದು ಮುಂದಿನ ಮೆಟ್ಟಿಲಿಗೆ ಬಗ್ಗುತ್ತಾರೆ. ಮಾತಾಡಲು ಆಗಬೇಕು ಎಂಬ ನಿಯಮವನ್ನು ಇವರಷ್ಟು ಚೆನ್ನಾಗಿ ಪಾಲಿಸುವವರು ಇಲ್ಲ. ನಿಧಾನ, ಒಂದೇ ಲಯ, ನಡುವೆ ಸಣ್ಣ ಬಿಡುವು. ಬೆಟ್ಟ ಹತ್ತುವ ಶಾಸ್ತ್ರವೆಲ್ಲ ಇಷ್ಟೇ. ಶೂ ಕಂಪನಿಗಳಿಗೆ ಇದು ಗೊತ್ತಾಗಬಾರದು.

ನಂದಿಯ ಉಪಯೋಗಗಳು

ಸುಮಾರು ಏಳುನೂರು ಮೆಟ್ಟಿಲಾದ ಮೇಲೆ ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ ಹದಿನಾರು ಅಡಿಯ ಹತ್ತಿರ. ಇದೂ ದೊಡ್ಡ ದೇವರಾಜ ಒಡೆಯರ ಕಾಲದ್ದೇ. ಅರಸರ ಉದ್ದೇಶ ಭಕ್ತಿಯೇ ಇದ್ದಿರಬೇಕು, ಆದರೆ ಜಾಗ ಆರಿಸಿದವರಿಗೆ ದೇಹಶಾಸ್ತ್ರ ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ಅನುಮಾನ. ತೊಡೆ ನಡುಗಲು ಶುರುವಾಗುವ ಜಾಗದಲ್ಲೇ ಇಂಥ ದೊಡ್ಡ ನೆಪ ಸಿಗುತ್ತದೆ. ‘ಸುಸ್ತಾಯ್ತು, ಕೂರ್ತೀನಿ’ ಎನ್ನುವುದು ಅವಮಾನ, ‘ಬಸವಣ್ಣನಿಗೆ ಒಂದು ಪ್ರದಕ್ಷಿಣೆ ಹಾಕಿ ಬರ್ತೀನಿ’ ಎನ್ನುವುದು ಸಂಸ್ಕಾರ. ಕೊರಳ ಗಂಟೆಸರದ ಕೆತ್ತನೆಯನ್ನು ನಿಧಾನವಾಗಿ ನೋಡಿ. ಉಸಿರು ಹದಕ್ಕೆ ಬರುವವರೆಗೂ ನೋಡಿ.

ತುದಿಯಲ್ಲಿ

ಮೇಲೆ ಮಹಿಷಾಸುರ ಕತ್ತಿ, ಹಾವು ಹಿಡಿದು ನಿಂತಿದ್ದಾನೆ. ಫೋಟೊ ತೆಗೆಸಿಕೊಳ್ಳಿ. ಮಂಜು ಸರಿದರೆ ಕೆಳಗೆ ಅರಮನೆ, ಕಾರಂಜಿ ಕೆರೆ, ಲಲಿತ ಮಹಲ್ ಕಾಣುತ್ತವೆ. ಸರಿಯದಿದ್ದರೆ ಪಕ್ಕದವರಿಗೆ ಬೆರಳು ತೋರಿಸಿ ‘ಅಲ್ಲಿದೆ’ ಎಂದರೂ ನಡೆಯುತ್ತದೆ. ಧನುರ್ಮಾಸವಾದರೆ ಹುಗ್ಗಿಯ ಘಮ ಎಲ್ಲಿಂದಲೋ ಬರುತ್ತದೆ. ಇಲ್ಲಿಂದಲೇ ಅಪಾಯದ ವಲಯ ಶುರು.

ಲೆಕ್ಕ ಕಹಿಯಾದದ್ದು. 70 ಕಿಲೋ ತೂಕದವರನ್ನು 250 ಮೀಟರ್ ಮೇಲೆತ್ತಲು ಬೇಕಾದ ಕೆಲಸ ಸುಮಾರು 41 ಕ್ಯಾಲೊರಿ. ದೇಹ ಬಿಸಿಯಾಗಿ ಪೋಲು ಮಾಡುವುದನ್ನೂ ಸೇರಿಸಿದರೆ ಹತ್ತಿರ ಹತ್ತಿರ ಇನ್ನೂರು. ಬೆಣ್ಣೆ ಹಾಕಿದ ಒಂದೇ ಮಸಾಲೆ ದೋಸೆ ಈ ಸಾಲವನ್ನು ಬಡ್ಡಿ ಸಮೇತ ತೀರಿಸುತ್ತದೆ. ಅದರ ಮೇಲೆ ಇದು ಅವರೆಕಾಯಿ ಕಾಲ. ಮನೆಗೆ ಹೋದರೆ ಸೊಗಡವರೆಯ ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ಸಂಕ್ರಾಂತಿ ಬಂದರೆ ಬೀದಿಯ ಎಲ್ಲ ಮನೆಗಳ ಎಳ್ಳು ಬೆಲ್ಲ. ಬೆಟ್ಟ ಹತ್ತಿ ತೂಕ ಇಳಿಸುತ್ತೇನೆ ಅನ್ನುವವರು ಬೆಟ್ಟದ ಮೇಲೆಯೇ ಮನೆ ಮಾಡಬೇಕಾದೀತು. ಹತ್ತಿದ್ದರಿಂದ ಲಾಭ ಹೃದಯಕ್ಕೆ, ಶ್ವಾಸಕೋಶಕ್ಕೆ, ತೊಡೆಗೆ, ರಾತ್ರಿಯ ನಿದ್ದೆಗೆ. ಸೊಂಟದ ಪಟ್ಟಿಗೆ ಅಷ್ಟಕ್ಕಷ್ಟೇ. ಉಪ್ಪಿಟ್ಟು ತಿನ್ನಿ, ಲೆಕ್ಕ ಬಿಡಿ.

ಇಳಿಯುವ ವಿಧಾನ

ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಅರ್ಧ ಸತ್ಯ. ಇಳಿಯುವುದು ಸುಲಭವಾಗಿರುವುದು ಉಸಿರಿಗೆ ಮಾತ್ರ. ಪ್ರತಿ ಮೆಟ್ಟಿಲಲ್ಲೂ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ನಿಮ್ಮ ಭಾರವನ್ನು ತಡೆದು ಹಿಡಿಯಬೇಕು. ಈ ಕೆಲಸದಲ್ಲಿ ಅದರ ಎಳೆಗಳಿಗೆ ಸಣ್ಣ ಪುಟ್ಟ ಪೆಟ್ಟಾಗುತ್ತದೆ. ಬಿಲ್ಲು ಬರುವುದು ಆ ದಿನವಲ್ಲ, ಎರಡನೆಯ ದಿನ. ಶೌಚಾಲಯದಲ್ಲಿ ಕೂರಲಾಗದೆ ಗೋಡೆ ಹಿಡಿಯುತ್ತೀರಿ. ‘ಲ್ಯಾಕ್ಟಿಕ್ ಆಸಿಡ್ ಕಣಯ್ಯಾ’ ಎಂದು ಮನೆಯ ಹಿರಿಯರೊಬ್ಬರು ಹೇಳಿಯೇ ಹೇಳುತ್ತಾರೆ. ಅದು ಬೆಟ್ಟ ಇಳಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ಖಾಲಿಯಾಗಿರುತ್ತದೆ, ಆದರೂ ಹಿರಿಯರಿಗೆ ಎದುರಾಡಬೇಡಿ.

ಒಳ್ಳೆಯ ಸುದ್ದಿಯೆಂದರೆ, ಒಮ್ಮೆ ನೋವುಂಡ ತೊಡೆ ಮುಂದಿನ ಸಲಕ್ಕೆ ತಯಾರಾಗಿರುತ್ತದೆ. ಒಂದೆರಡು ವಾರದೊಳಗೆ ಮತ್ತೆ ಹೋದರೆ ನೋವು ಅರ್ಧಕ್ಕೂ ಇಳಿಯಬಹುದು. ಮೊದಲ ದಿನವೇ ಬಿಟ್ಟುಬಿಟ್ಟವರು ಪೂರ್ತಿ ದುಡ್ಡು ಕಟ್ಟಿ, ಸಾಮಾನು ಅಂಗಡಿಯಲ್ಲೇ ಬಿಟ್ಟು ಬಂದ ಹಾಗೆ.

ಮಂಡಿ ನೋವಿರುವವರು ಇಳಿಯುವುದೇ ಬೇಡ. ಮೇಲಿನಿಂದ ಸಿಟಿ ಬಸ್ಸು ಸಿಗುತ್ತದೆ, ಹತ್ತಿ ಕೂತುಬಿಡಿ. ಕಂಡಕ್ಟರ್ ‘ಯಾಕ್ ಸಾರ್, ನಡ್ಕೊಂಡ್ ಬಂದ್ರಾ?’ ಎಂದು ಶೂ ಕಡೆ ನೋಡಿದರೆ ಎದೆಯುಬ್ಬಿಸಿ ಹೌದೆನ್ನಿ. ಹತ್ತಿದ್ದು ಹತ್ತಿದ್ದೇ.

ವಾರಂಟಿ

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ ಹೇಳಿದೆ. ಸಾಧಾರಣ ನಡಿಗೆಯವರಿಗೆ ಹತ್ತಿ ಇಳಿಯಲು ಗಂಟೆಯ ಮೇಲಾಗುತ್ತದೆ, ಹಾಗಾಗಿ ವಾರಕ್ಕೆ ಮೂರು ಸಲ ಧಾರಾಳ. ವರ್ಷಕ್ಕೊಂದು ಸಲ ಹತ್ತಿ ಸ್ಟೇಟಸ್ ಹಾಕಿದರೆ ವಾರಂಟಿ ಅನ್ವಯಿಸುವುದಿಲ್ಲ. ನಿಲ್ಲಿಸಿದರೆ ಗಳಿಸಿದ ದಮ್ಮು ಕೆಲವೇ ವಾರಗಳಲ್ಲಿ ಸೋರಿಹೋಗುತ್ತದೆ, ಯಾರನ್ನು ಕೇಳಿದರೂ ವಾಪಸ್ ಕೊಡುವುದಿಲ್ಲ.

ಈ ಸೌಲಭ್ಯ ಶಿವರಾತ್ರಿಯವರೆಗೆ ಮಾತ್ರ. ಆಮೇಲೆ ಚಳಿ ಓಡಿ, ಎಂಟು ಗಂಟೆಗೆಲ್ಲ ಕಲ್ಲು ಕಾಯಲು ಶುರುವಾಗುತ್ತದೆ. ಆದ್ದರಿಂದ ನಾಳೆ ಬೆಳಿಗ್ಗೆಯೇ ಹೊರಡಿ. ಭಾನುವಾರಕ್ಕೆ ಕಾಯಬೇಡಿ, ಅವತ್ತು ಎಲ್ಲರೂ ಬರುತ್ತಾರೆ.