ಏಳನೇ ಕ್ಲಾಸಿನ ಸೀರೆ

ಅಲ್ಲ ಅಕ್ಕಾ, ನಿಮ್ಮ ಮೊಮ್ಮಗಳು ಬೀಳ್ಕೊಡುಗೆ ದಿನ ಉಡೋಕೆ ನಿಮ್ಮ ಹಸಿರು ಮೈಸೂರು ಸಿಲ್ಕೇ ಬೇಕು ಅಂತ ಹಟ ಹಿಡಿದಿದ್ದಾಳಂತೆ? ಕೊಟ್ಟುಬಿಡಿ. ಬೀರುವಿನಲ್ಲಿ ನುಸಿಗುಳಿಗೆ ವಾಸನೆ ಕುಡ್ಕೊಂಡು ಬಿದ್ದಿರೋ ಬದಲು ಮಗು ಒಂದು ದಿನ ಉಡಲಿ. ಎತ್ತರ ಸಾಲಲ್ಲ ನಿಜ. ಸೊಂಟದ ಹತ್ರ ಒಂದು ಮಡಿಕೆ ಒಳಗೆ ಸೇರಿಸಿ, ಭುಜಕ್ಕೆ, ನೆರಿಗೆಗೆ ಪಿನ್ ಹಾಕಿದ್ರೆ ಸಂಜೆ ತನಕ ನಿಲ್ಲುತ್ತೆ. ಹನ್ನೆರಡು-ಹದಿಮೂರರ ಹುಡುಗಿ ಮೊದಲನೇ ಸಲ ಸೀರೆ ಉಟ್ಟು ಶಾಲೆ ಗೇಟಿನೊಳಗೆ ಕಾಲಿಡೋವಾಗ ಇರೋ ಆ ನಡಿಗೆ ನೋಡೋದೇ ಒಂದು ಸುಖ.

ವರ್ಷಪೂರ್ತಿ ಎಷ್ಟೊಂದು ಕಟ್ಟುಪಾಡು ಆ ಮಕ್ಕಳಿಗೆ! ಎರಡು ಜಡೆ ಹಾಕಿ, ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟಬೇಕು. ಸೋಮವಾರ ಉಗುರು ನೋಡ್ತಾರೆ. ಬಣ್ಣದ ಬಟ್ಟೆ ಹುಟ್ಟುಹಬ್ಬಕ್ಕೆ ಮಾತ್ರ. ಮೊಬೈಲ್ ಅಂತೂ ಗೇಟು ದಾಟೋ ಹಾಗಿಲ್ಲ. ಇವೆಲ್ಲ ಬೇಡ ಅನ್ನೋಳಲ್ಲ ನಾನು. ಯೂನಿಫಾರಂ ಇರೋದ್ರಿಂದ ತಾನೇ ಕೂಲಿಯವರ ಮಗು, ಅಂಗಡಿಯವರ ಮಗು ಒಂದೇ ಸಾಲಲ್ಲಿ ನಿಂತು ಪ್ರಾರ್ಥನೆ ಹೇಳೋದು? ಸರ್ಕಾರಿ ಶಾಲೇಲಿ ಬಟ್ಟೆ ಕೊಡ್ತಾರೆ, 2015-16ರಿಂದ ಶೂ, ಸಾಕ್ಸೂ ಕೊಡ್ತಿದ್ದಾರೆ. ಯಾರ ಮನೇಲಿ ಏನಿದೆ ಅಂತ ಕಾಲು ನೋಡಿ ಹೇಳೋ ಹಾಗಿರಬಾರದು ಅನ್ನೋ ಒಳ್ಳೆ ಯೋಚನೆ ಅದು.

ಕೂದಲ ವಿಷಯಕ್ಕೆ ಮಾತ್ರ ಮೇಷ್ಟ್ರಿಗೂ ಹುಡುಗರಿಗೂ ಯಾವತ್ತೂ ಮುಗಿಯದ ಜಗಳ. 2023ರಲ್ಲಿ ಬಾಗಲಕೋಟೆ ಕಡೆ ಒಬ್ಬರು ಹೆಡ್‌ಮಾಸ್ಟರು, ಹುಡುಗರಿಗೆ ‘ಹೆಬ್ಬುಲಿ’ ಕಟಿಂಗ್ ಮಾಡಬೇಡಿ ಅಂತ ಕ್ಷೌರದ ಅಂಗಡಿಯವರಿಗೇ ಪತ್ರ ಬರೆದಿದ್ದು ಪೇಪರಲ್ಲಿ ಬಂದಿತ್ತು, ನೆನಪಿದೆಯಾ? ನನಗೆ ಅವರ ದಾರಿ ಹಿಡಿಸ್ತು. ಎಲ್ಲರೆದುರು ಹುಡುಗನ ಕೂದಲು ಕತ್ತರಿಸಿ ಅವಮಾನ ಮಾಡೋದಕ್ಕಿಂತ ಊರಿನವರ ಹತ್ರ ಮಾತಾಡೋದು ಎಷ್ಟೋ ಮೇಲು. ಮಕ್ಕಳನ್ನ ಹೊಡೆಯೋದಿರಲಿ, ಮನಸ್ಸಿಗೆ ಹಿಂಸೆ ಮಾಡೋದೂ ತಪ್ಪು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೇಲೇ ಇದೆ.

ನನ್ನನ್ನ ಕಾಡೋದು ಬೇರೆ. ಹತ್ತು ತಿಂಗಳು ಯೂನಿಫಾರಂ ಹಾಕಿಸಿ ಎಲ್ಲರನ್ನೂ ಸಮ ಮಾಡ್ತೀವಲ್ಲ, ಆ ಸಮಾನತೆಯನ್ನ ಕೊನೇ ದಿನ ನಮ್ಮ ಕೈಯಾರೆ ನಾವೇ ಕೆಡಿಸ್ತೀವಿ. ಹುಡುಗೀರಿಗೆ ಸೀರೆ ಆಗಬೇಕು, ಹುಡುಗರಿಗೆ ಬಿಳಿ ಪಂಚೆ, ಶರ್ಟು. ಆಮೇಲೆ ಶಾಲೆಗೆ ‘ಕೊಡುಗೆ’ ಅಂತ ತಲೆಗಿಷ್ಟು ದುಡ್ಡು. ಬಿಸಿಯೂಟದ ಕೋಣೆಗೆ ಹೋಗಿ ನೋಡಿ, ದೊಡ್ಡ ಸ್ಟೀಲ್ ಡಬರಿಗಳ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಏಳನೇ ತರಗತಿ ವಿದ್ಯಾರ್ಥಿಗಳ ಕೊಡುಗೆ’ ಅಂತ ಕೊರೆಸಿ, ಕೆಳಗೆ ಇಸವಿ ಹಾಕಿಸಿದ್ದಾರೆ. ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದರೆ ದುಡ್ಡು ಕೊಡೋಕಾಗದ ಮಗು ಆ ಡಬರೀಲಿ ಮಾಡಿದ ಸಾಂಬಾರನ್ನೇ ಉಂಡು ಬೆಳೆದದ್ದು. ಕೊನೇ ವಾರದಲ್ಲಿ ಅದರ ಹೆಸರಿನ ಮುಂದೆ ಮಾತ್ರ ಲೀಡರ್ ಹುಡುಗನ ನೋಟ್‌ಬುಕ್ಕಲ್ಲಿ ‘ಬಾಕಿ’ ಅಂತ ಬರೆದಿರುತ್ತೆ.

ಹಿಂದಿನ ಬೀದಿ ಹುಡುಗಿ, ಓದೋದ್ರಲ್ಲಿ ಚುರುಕು, ಹೋದ ವರ್ಷ ಬೀಳ್ಕೊಡುಗೆಗೆ ಹೋಗಲೇ ಇಲ್ಲ. ಜ್ವರ ಅಂದ್ಳು. ಜ್ವರವೂ ಇಲ್ಲ, ಏನೂ ಇಲ್ಲ, ಬಾಗಿಲ ಹಿಂದೆ ಕೂತು ಹೂ ಕಟ್ತಿದ್ಳು. ಅವರಮ್ಮನ ಹತ್ರ ಇದ್ದ ಒಂದು ಒಳ್ಳೆ ಸೀರೆ ಗಿರವಿ ಅಂಗಡಿ ಸಾಲ ತೀರಿಸೋ ಗಲಾಟೇಲಿ ಮಾರಿ ಹೋಗಿತ್ತು. ಫೋಟೋದಲ್ಲಿ ಅವಳಿಲ್ಲ. ಅಷ್ಟಕ್ಕೇ ಮುಗಿದಿದ್ರೆ ನಾನು ಇಷ್ಟು ಹೇಳ್ತಿರಲಿಲ್ಲ. ಫಲಿತಾಂಶದ ದಿನವೂ ನಾಚಿಕೆಯಿಂದ ಶಾಲೆ ಕಡೆ ತಲೆ ಹಾಕಲಿಲ್ಲ. ಟಿ.ಸಿ. ಅಲ್ಲೇ ಉಳೀತು. ಜೂನಲ್ಲಿ ಹೈಸ್ಕೂಲಿಗೆ ಹೋದ್ರೆ, ಟಿ.ಸಿ. ತಗೊಂಡು ಬಾ ಅಂತ ವಾಪಸ್ ಕಳಿಸಿದ್ರು. ಅಷ್ಟು ಹೊತ್ತಿಗೆ ಅವರಪ್ಪ, ಇನ್ನೇನು ಮನೇಲೇ ಇರಲಿ ಬಿಡು ಅನ್ನೋಕೆ ಶುರು ಮಾಡಿದ್ದ.

ನಮ್ಮ ಕಡೆ ಇರೋ ಕಷ್ಟ ಇದೇ ನೋಡಿ ಅಕ್ಕಾ. ಕಾಯ್ದೆ ಪ್ರಕಾರ ಕಡ್ಡಾಯ ಶಿಕ್ಷಣ ಎಂಟನೇ ಕ್ಲಾಸಿನವರೆಗೆ. ನಮ್ಮ ಊರುಗಳ ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆ ಮುಗಿಯೋದು ಏಳಕ್ಕೆ. ಆ ಒಂದು ಮೆಟ್ಟಿಲು ಹತ್ತೋಕೆ ಬೇರೆ ಶಾಲೆ, ಬೇರೆ ಊರು, ಬೇರೆ ಮೇಷ್ಟ್ರು. ಮಧ್ಯೆ ಬೇಸಿಗೆ ರಜ, ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ. ಮದುವೆ ಕಾಲವೂ ಅದೇ, ತೋಟದ ಕೂಲಿಗೆ ಕರೆಯೋ ಕಾಲವೂ ಅದೇ. ಹುಡುಗಿ ಕೈ ತಪ್ಪೋದೂ ಆವಾಗಲೇ.

ಟಿ.ಸಿ. ಇಲ್ಲ ಅಂತ ಸೇರಿಸಿಕೊಳ್ಳದೇ ಇರೋ ಹಾಗಿಲ್ಲ, ಗೊತ್ತಾ? ಅದೇ ಕಾಯ್ದೆಯ ಐದನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತೆ: ಕೇಳಿದ ಕೂಡಲೇ ಹೆಡ್‌ಮಾಸ್ಟರು ಟಿ.ಸಿ. ಕೊಡಬೇಕು, ಅದು ಬರೋದು ತಡ ಆಯ್ತು ಅನ್ನೋ ಕಾರಣಕ್ಕೆ ಹೊಸ ಶಾಲೆಯವರು ಮಗುವನ್ನ ಹೊರಗೆ ನಿಲ್ಲಿಸಬಾರದು. ನಾನೇ ಹೋಗಿ ಅದನ್ನ ಹೇಳಿದ ಮೇಲೆ ಆ ಹಿಂದಿನ ಬೀದಿ ಹುಡುಗಿಯನ್ನ ಸೇರಿಸಿಕೊಂಡ್ರು. ಈಗ ಬಸ್ಸಲ್ಲಿ ಹೋಗಿ ಬರ್ತಿದ್ದಾಳೆ. 2023ರ ಜೂನಲ್ಲಿ ‘ಶಕ್ತಿ’ ಯೋಜನೆ ಬಂದ ಮೇಲೆ ಹುಡುಗೀರಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿದೆ. 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ರಲ್ಲ, ಅದರ ಹಿಂದೆ ಇದ್ದದ್ದೂ ಈ ದಾರಿ ದೂರದ ಚಿಂತೆಯೇ.

ಅದಕ್ಕೇ ನಾನೊಂದು ಅಂದ್ಕೊಂಡಿದ್ದೀನಿ. ಬೀಳ್ಕೊಡುಗೆ ನಿಲ್ಲಿಸಬಾರದು. ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡೋದು, ಆರನೇ ಕ್ಲಾಸಿನವರು ಗುಲಾಬಿ ಕೊಡೋದು, ಮೈಕ್ ಮುಂದೆ ಮಾತು ಬರದೆ ಅಳೋದು, ಇದೆಲ್ಲ ಮಕ್ಕಳಿಗೆ ಜೀವಮಾನದ ನೆನಪು. ದುಡ್ಡು ಎತ್ತೋದು ಮಾತ್ರ ಪೂರ್ತಿ ಬಿಡಬೇಕು. ಡಬರಿ ಬೇಕಾದ್ರೆ ನಾವು ದೊಡ್ಡವರು ಕೊಡೋಣ. ಸೀರೆಯನ್ನ ಯಾರೂ ಮನೆಯಿಂದ ಉಟ್ಟು ಬರೋದು ಬೇಡ. ಊರಿನ ಹೆಂಗಸರು ತಂತಮ್ಮ ಸೀರೆ ತಂದು ನಲಿಕಲಿ ಕೋಣೇಲಿ ರಾಶಿ ಹಾಕೋಣ, ಮಕ್ಕಳು ತಮಗೆ ಬೇಕಾದ ಬಣ್ಣ ಆರಿಸಿಕೊಳ್ಳಲಿ, ಅಲ್ಲೇ ನಾವು ಉಡಿಸೋಣ. ಯಾವುದು ಯಾರ ಮನೇದು ಅಂತ ಗೊತ್ತೇ ಆಗಬಾರದು. ಪಂಚೆಗೂ ಹಾಗೇ.

ಇನ್ನೊಂದು, ಅವತ್ತೇ ಹೈಸ್ಕೂಲಿನ ಒಬ್ಬ ಮೇಷ್ಟ್ರನ್ನ ಕರೆಸಿ ಎಂಟನೇ ಕ್ಲಾಸಿನ ಅರ್ಜಿ ಅಲ್ಲೇ ತುಂಬಿಸಬೇಕು. ಊಟ ಮುಗಿಸಿ ಹೊರಡೋವಾಗ ಮಗುವಿನ ಕೈಯಲ್ಲಿ ಆ ಅರ್ಜಿಯ ಪ್ರತಿ ಇರಬೇಕು.

ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿ ಇದೆಯಲ್ಲ, ಅದರ ಸಭೇಲಿ ಇದನ್ನೇ ಎತ್ತುತ್ತೀನಿ. ಅಂಥ ಸಮಿತೀಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಕಾಯ್ದೇನೇ ಹೇಳಿದೆ. ಹೆಂಗಸರು ಸಹಿ ಹಾಕಿ ಬರೋಕೆ ಮಾತ್ರ ಹೋಗೋದು ಸಾಕು. ನೀವೂ ಬನ್ನಿ ಅಕ್ಕಾ, ನಿಮ್ಮ ಮಾತಿಗೆ ಹೆಡ್‌ಮಾಸ್ಟರು ಬೆಲೆ ಕೊಡ್ತಾರೆ. ಏಳನೇ ಕ್ಲಾಸಿನ ಹಾಜರಿ ಪಟ್ಟಿ ಇಸ್ಕೊಳ್ಳೋಣ, ಒಬ್ಬೊಬ್ಬರು ಎರಡೆರಡು ಮಕ್ಕಳ ಜವಾಬ್ದಾರಿ ತಗೊಳ್ಳೋಣ. ಜೂನಲ್ಲಿ ಆ ಮಕ್ಕಳು ಹೈಸ್ಕೂಲಿಗೆ ಸೇರಿದ್ರಾ ಇಲ್ಲವಾ ಅಂತ ಮನೆಗೇ ಹೋಗಿ ನೋಡಿ ಬರೋಣ.