ಬಾಯಿ ಮುಚ್ಕೊಂಡು ಹಲ್ಲುಜ್ಜಿ

ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಅಷ್ಟು ಕರೆಂಟು ಹುಟ್ಟಿಸುವ ಸೀಮೆಯ ನಮ್ಮ ಮಾವನವರಿಗೆ ಹಲ್ಲುಜ್ಜಲೂ ಕರೆಂಟು ಬೇಕೆಂದು ತಿಳಿದದ್ದು ಕ್ಯಾಲಿಫೋರ್ನಿಯಾದ ನಮ್ಮ ಬಚ್ಚಲಲ್ಲಿ. ಕರೆಂಟಿನ ಬ್ರಷ್ಷನ್ನು ಸ್ವಿಟ್ಜರ್ಲೆಂಡಿನವರು 1954ರಲ್ಲೇ ಮಾಡಿದ್ದರು ಎಂದೆ. "ಪಾಪ, ಅಲ್ಲಿ ಬೇವಿನ ಮರ ಇರ್ಲಿಲ್ವೇನೋ" ಎಂದರು.

ಬ್ರಷ್ಷಿನ ಶಾಸ್ತ್ರ ಸಣ್ಣದು. ಬಟಾಣಿ ಕಾಳಿನಷ್ಟು ಪೇಸ್ಟನ್ನು ಎಳೆಗಳ ಒಳಕ್ಕೆ ಒತ್ತಬೇಕು. ಮೊದಲು ಬಾಯಿಗೆ, ಆಮೇಲೆ ಸ್ವಿಚ್ಚು. ಸಿಂಕಿನ ಮೇಲೆ ಬಗ್ಗಿ, ತುಟಿ ಮುಚ್ಚಿ, ತಿಕ್ಕದೆ ಹಲ್ಲಿನಿಂದ ಹಲ್ಲಿಗೆ ಸರಿಸಬೇಕು. 30 ಸೆಕೆಂಡಿಗೊಮ್ಮೆ ಅದೇ ತಡವರಿಸಿ, ಜಾಗ ಬದಲಿಸೆಂದು ಸೂಚಿಸುತ್ತದೆ. 2 ನಿಮಿಷಕ್ಕೆ ನಿಲ್ಲುತ್ತದೆ. ನಿಂತ ಮೇಲೇ ಹೊರಗೆ ತೆಗೆಯಬೇಕು.

ಇಷ್ಟರಲ್ಲಿ ನಮ್ಮ ಕಡೆಯವರಿಗೆ ಆಗದ್ದು ಒಂದೇ, ಬಾಯಿ ಮುಚ್ಚುವುದು. ಮಧುಗಿರಿಯಿಂದ ಶಿರಾದವರೆಗೆ ಯಾವ ಹಳ್ಳಿಗೇ ಹೋಗಿ, ಬೇವಿನ ಕಡ್ಡಿ ದವಡೆಗೆ ಸಿಕ್ಕಿಸಿ ಬೀದಿಗೆ ಬಂದವರು ಮಳೆ, ಕಡ್ಲೇಕಾಯಿ ರೇಟು, ಎದುರುಮನೆಯ ಸಂಬಂಧ ಎಲ್ಲ ಮುಗಿಸಿಯೇ ಉಗಿಯುವುದು. ಕಡ್ಡಿ ಇದನ್ನೆಲ್ಲ ಸಹಿಸುತ್ತದೆ. ನಿಮಿಷಕ್ಕೆ 31,000 ಸಲ ಅದುರುವ ಬ್ರಷ್ಷು ಸಹಿಸುವುದಿಲ್ಲ.

ಬ್ರಷ್ಷು ಗುಂಯ್ಗುಟ್ಟುತ್ತಿರುವಾಗಲೇ ಮಾವನವರ ಕಣ್ಣು ಪೇಸ್ಟಿನ ಟ್ಯೂಬಿನ ಮೇಲೆ ಬಿತ್ತು. "ಫ್ಲೋರೈಡಾ!" ಎಂದು ಬಾಯಿ ತೆರೆದರು. ಕನ್ನಡಿ ಬೆಳ್ಳಗಾಯಿತು. "ನಮ್ಮೂರ ಬೋರ್‌ವೆಲ್ ನೀರಲ್ಲಿ ಇದು ಹೆಚ್ಚಾಗಿ ಹಲ್ಲೆಲ್ಲ ಕಂದಾದ್ವು. ತೆಗೆಯೋಕೆ ಶುದ್ಧ ನೀರಿನ ಘಟಕ ಹಾಕಿದಾರೆ. ನೀವು ದುಡ್ಡು ಕೊಟ್ಟು ಬಾಯಿಗೆ ಹಾಕ್ಕೋತೀರಲ್ಲ ಅಳಿಯಂದಿರೇ!" ಈ ಸಲ ಗೋಡೆಯೂ ಬೆಳ್ಳಗಾಯಿತು.

ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಕೇಡು. ಪೇಸ್ಟನ್ನಾದರೆ ಉಗಿಯುತ್ತೇವೆ, ಅದು ಹುಳುಕು ತಡೆಯುತ್ತದೆ ಎಂದು ವಿವರಿಸಿದೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಕುಡಿಯುವ ನೀರಿನಲ್ಲೇ ಅದು 0.7 ಮಿಲಿಗ್ರಾಂ ಇರುವಂತೆ ಬೆರೆಸುತ್ತಾರೆ ಎಂದೂ ಹೇಳಿಬಿಟ್ಟೆ. ಆ ವಿಷಯಕ್ಕೆ ಚಾವಣಿ ಬಲಿಯಾಯಿತು.

"ಬಚ್ಚಲಿಗೆ ಸುಣ್ಣ ಹೊಡೀತಿದೀರೇನ್ರೀ?" ಎಂದು ಕೊರಟಗೆರೆಯ ನಮ್ಮ ಅತ್ತೆ ಬಟ್ಟೆ ಹಿಡಿದು ಬಂದರು.

ಕೊನೆಗೆ ಪಾಠ ಕಲಿಸಿದವನು ಮೊಮ್ಮಗ. "ಹೋಂವರ್ಕ್ ಆಯ್ತೇನೋ?" ಎಂದು ಅವನಮ್ಮ ಕೇಳಿದ ಕೂಡಲೇ ಅವನು ಬ್ರಷ್ಷು ಬಾಯಿಗಿಟ್ಟು ಸ್ವಿಚ್ಚು ಒತ್ತುತ್ತಾನೆ. ತಾತ ಅದನ್ನು ಗಮನಿಸಿದರು.

ಈಗ ನಮ್ಮ ಕನ್ನಡಿ ಫಳಫಳ. "ಶುಗರ್ ಮಾತ್ರೆ ನುಂಗಿದ್ರಾ? ಆ ಲಾಡು ಯಾರು ತಿಂದದ್ದು?" ಎಂದು ಅತ್ತೆ ಕೇಳಿದರೆ ಸಾಕು, ಮಾವನವರು ಸಿಂಕಿನ ಮೇಲೆ ಬಗ್ಗಿ, ತುಟಿ ಬಿಗಿದು, ಶಾಸ್ತ್ರೋಕ್ತವಾಗಿ ಹಲ್ಲುಜ್ಜುತ್ತಾರೆ. ಬ್ರಷ್ಷು ಎರಡು ನಿಮಿಷಕ್ಕೆ ನಿಲ್ಲುತ್ತದೆ. ಅತ್ತೆ ನಿಲ್ಲುವುದಿಲ್ಲ. ಹಾಗಾಗಿ ಮಾವನವರು ಮತ್ತೊಮ್ಮೆ ಸ್ವಿಚ್ಚು ಒತ್ತುತ್ತಾರೆ.