ಗರಗಸ ಮೀಮಾಂಸೆ

ಯಂತ್ರಗರಗಸದ ಉತ್ಪತ್ತಿಯ ಬಗ್ಗೆ ವಿದ್ವಾಂಸರಲ್ಲಿ ಮೂರು ಮತಗಳಿವೆ. 18ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಜಾನ್ ಐಟ್ಕನ್ ಎಂಬ ವೈದ್ಯ ಕಷ್ಟದ ಹೆರಿಗೆಗೆಂದು ರೂಪಿಸಿದ, ಮೂಳೆ ಕೊಯ್ಯುವ ಹಲ್ಲಿನ ಸರಪಳಿಯೇ ಮೂಲ ಎನ್ನುವವರು ಪ್ರಸೂತಿವಾದಿಗಳು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನದನ್ನೂ 1929ರಲ್ಲಿ ಪೆಟ್ರೋಲಿನದನ್ನೂ ಮಾಡಿದಲ್ಲಿಂದ ಲೆಕ್ಕ ಹಿಡಿಯುವವರು ಕಾಷ್ಠವಾದಿಗಳು. ಮೂರನೆಯವರು ನಮ್ಮ ಮಲೆನಾಡಿನ ಅಟ್ಟವಾದಿಗಳು. ಇವರ ಪ್ರಕಾರ ಚೈನ್ ಸಾ ಅನಾದಿ. ಅಜ್ಜನ ಕಾಲಕ್ಕೂ ಮೊದಲಿನಿಂದ ಅಟ್ಟದಲ್ಲೇ ಇದೆ.

ಕಾಲನಿರ್ಣಯಕ್ಕೆ ಶಾಸನ ಬೇಕಿಲ್ಲ. ಗರಗಸ ಹಾರಿದರೆ ಸರಪಳಿಯನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಬಂದದ್ದು 1970ರ ದಶಕದಲ್ಲಿ. ಅಜ್ಜನ ಗರಗಸಕ್ಕೆ ಅದಿಲ್ಲ. ಆದ್ದರಿಂದ ಅದು ಪ್ರಾಚೀನ, ಆದ್ದರಿಂದ ಪೂಜ್ಯ. ಸರಪಳಿ ಸುತ್ತುವ ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸ ಕಣ್ಣು ಮಿಟುಕಿಸುವುದರೊಳಗೆ ಮುಖದತ್ತ ಹಾರುತ್ತದೆಂಬುದು ಪೂರ್ವಪಕ್ಷ. "ಅಜ್ಜನಿಗೆ ಏನಾಗಿತ್ತು ಹೇಳು?" ಎಂಬುದು ಸಿದ್ಧಾಂತ. ಅಜ್ಜನ ಎಡಮಂಡಿಯ ಮೇಲಿದ್ದ ಉದ್ದನೆಯ ಕಲೆಯನ್ನು ಈ ಪರಂಪರೆ ಪ್ರಮಾಣವೆಂದು ಒಪ್ಪುವುದಿಲ್ಲ.

ಇನ್ನು ಪಾತಪ್ರಕರಣ. ಮರ ಬೀಳಬೇಕಾದ ಕಡೆ, ಬುಡದ ಅಡ್ಡಗಲದ ಕಾಲುಭಾಗದಷ್ಟು ಆಳಕ್ಕೆ ಬಾಯಿ ತೆಗೆಯಬೇಕು. ಆಮೇಲೆ ಹಿಂದಿನಿಂದ ಕೊಯ್ಯಬೇಕು, ಆದರೆ ಪೂರ್ತಿ ಅಲ್ಲ. ಅಡ್ಡಗಲದ ಹತ್ತನೇ ಒಂದರಷ್ಟು ದಪ್ಪದ ಪಟ್ಟಿ ನಡುವೆ ಉಳಿಯಬೇಕು. ಇಪ್ಪತ್ತು ಇಂಚಿನ ಮರಕ್ಕೆ ಎರಡು ಇಂಚು. ಮರವನ್ನು ನೆಲದವರೆಗೆ ಕೈಹಿಡಿದು ಇಳಿಸುವುದು ಈ ಪಟ್ಟಿಯೇ. ಅವಿಭಕ್ತ ಕುಟುಂಬದಲ್ಲಿ ಅಜ್ಜಿ ಇದ್ದ ಹಾಗೆ: ಅದೊಂದು ಕಡಿದುಹೋದರೆ ಯಾರು ಯಾವ ಕಡೆ ಬೀಳುತ್ತಾರೋ ಹೇಳಲಾಗದು.

ಮರದ ವಾಲು, ಕೊಂಬೆಗಳ ಭಾರ, ಗಾಳಿ, ಈ ಮೂರೂ ದಿಕ್ಕನ್ನು ನಿರ್ಧರಿಸುತ್ತವೆಂದು ಪರದೇಶದ ಗ್ರಂಥಗಳು ಹೇಳುತ್ತವೆ. ಪಾಲಾದ ತೋಟದ ಅನುಭವ ಆ ಗ್ರಂಥಕರ್ತರಿಗೆ ಇದ್ದಂತಿಲ್ಲ. ಬೇಲಿಸಾಲಿನ ಸಿಲ್ವರ್ ಓಕ್ ಮರ ದೊಡ್ಡಪ್ಪನ ಕಡೆ ವಾಲಿದ್ದರೂ ಚಿಕ್ಕಪ್ಪನ ಕಡೆ ಬೀಳತಕ್ಕದ್ದು. "ನನ್ನ ಕಾಫಿ ಗಿಡ ಒಂದು ಮುರೀಲಿ, ಆಮೇಲೆ ನೋಡ್ಕೋತೀನಿ" ಎಂಬ ವಾಕ್ಯ ಎರಡೂ ಕಡೆಯಿಂದ ಬರುವುದರಿಂದ ನೆಟ್ಟಗೆ ಮೇಲಕ್ಕೆ ಬೀಳಿಸುವ ವಿಧಾನದ ಬಗ್ಗೆ ಸಂಶೋಧನೆ ಆಗಬೇಕಿದೆ. ಸಿಲ್ವರ್ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಚಿಕ್ಕಪ್ಪ ಕೊಡಬೇಕಾದ ಅನುಮತಿಗೆ ಅಲ್ಲೂ ಇಲ್ಲ.

ಕೊಯ್ಯುವವನು ಹಿಂದಕ್ಕೆ ಓರೆಯಾಗಿ ಓಡಲು ದಾರಿ ಮೊದಲೇ ಸವರಿಟ್ಟುಕೊಳ್ಳಬೇಕು. ಉಳಿದವರು ಮರದ ಎತ್ತರದ ಎರಡು ಪಟ್ಟು ದೂರ ನಿಲ್ಲಬೇಕು. ಅರವತ್ತು ಅಡಿಯ ಮರವಾದರೆ ನೂರಿಪ್ಪತ್ತು ಅಡಿ. ಅಷ್ಟು ದೂರದಿಂದ, ಚೈನ್ ಸಾ ಗದ್ದಲದಲ್ಲಿ, ಭಾವನ ಸಲಹೆ ಕೇಳಿಸುವುದಿಲ್ಲ. ಶಾಸ್ತ್ರಕಾರರು ಇದನ್ನು ಲೆಕ್ಕ ಹಾಕಿಯೇ ಬರೆದಿರಬೇಕು. ಬಿದ್ದ ಮರ ಇನ್ನೊಂದರ ಕೊಂಬೆಗೆ ಸಿಕ್ಕಿಕೊಂಡರೆ ಅದರಡಿಗೆ ಯಾರೂ ಹೋಗಬಾರದು. ದೂರದಿಂದ ಹಗ್ಗ ಹಾಕಿ ಎಳೆಸಬೇಕು. ಭಾವ ಮಾತ್ರ ನೇರ ಅಲ್ಲಿಗೇ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡುತ್ತಾರೆ.

ಈ ಪ್ರಬಂಧದ ಪ್ರಯೋಗಭಾಗವನ್ನು ಸದ್ಯಕ್ಕೆ ಮುಂದೂಡಲಾಗಿದೆ. ಬೆಳಗಿನಿಂದ ಹಗ್ಗ ಎಳೆದೆಳೆದು ಮೂವರ ತೋಳು ಸೋತರೂ ಗರಗಸ ಕೆಮ್ಮಲಿಲ್ಲ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕೆಂದು ಜಗಲಿಯಲ್ಲಿ ವಾದ ಇನ್ನೂ ನಡೆದಿದೆ. ಸ್ಪಾರ್ಕ್ ಪ್ಲಗ್ಗು ಹಿಂದಿನ ರಾತ್ರಿಯಿಂದ ದೊಡ್ಡಮ್ಮನ ಸಾಸಿವೆ ಡಬ್ಬಿಯಲ್ಲಿದೆ.